ಸೌರ ಯಂತ್ರಪ್ರಾಣಿಗಳಿಗೆ ಬದಲಿ ಬಿಡಿಭಾಗಗಳು

ಬ್ಯಾಟರಿಯ ಹಂಗಿಲ್ಲದೆ ಕೇವಲ ಬಿಸಿಲಿನಿಂದ ಚಲಿಸುವ ಅಂಗೈಯಗಲದ ಯಂತ್ರಪ್ರಾಣಿಗಳನ್ನು ವಿದ್ಯಾರ್ಥಿಗಳಿಂದ ಮಾಡಿಸುವುದು ವಿಜ್ಞಾನ ಶಿಕ್ಷಕರಿಗೆ ಪ್ರಿಯವಾದ ಕಾರ್ಯ. ಕೆನಡಾ ದೇಶದ ವಾಟರ್‌ಲೂ ವಿಶ್ವವಿದ್ಯಾಲಯದಲ್ಲಿದ್ದ ಮಾರ್ಕ್ ಟಿಲ್ಡನ್ ಅವರು 1989ರ ಸುಮಾರಿಗೆ ಆರಂಭಿಸಿದ ಈ ಪದ್ಧತಿಗೆ ‘ಬೀಮ್’ ಎಂದು ಹೆಸರು. ಇದರಲ್ಲಿ ಗಣಕಯಂತ್ರದ ಮಿದುಳಿಲ್ಲ. ಬೆರಳೆಣಿಕೆಯ ಬಿಡಿಭಾಗಗಳೇ ಸರ್ವಸ್ವ. ಆದರೆ ಅಂದಿನ ನಕ್ಷೆಯನ್ನು ಹಿಡಿದು ಇಂದು ಅಂಗಡಿಗೆ ಹೋದರೆ ಅದರಲ್ಲಿ ಹೇಳಿದ ಕೆಲವು ಭಾಗಗಳು ದೊರೆಯುವುದೇ ಇಲ್ಲ. ‘ಇದೂ ಅದೇ ತರಹದ್ದು’ ಎಂದು ಅಂಗಡಿಯವನು ಕೊಟ್ಟದ್ದನ್ನು ಜೋಡಿಸಿದರೆ ಯಂತ್ರ ಅಲುಗುವುದಿಲ್ಲ. ಹುಡುಗನು ತನ್ನ ಬೆಸುಗೆಯೇ ಕೆಟ್ಟಿತೆಂದು, ಈ ವಿದ್ಯೆ ತನಗೆ ಒಲಿಯದೆಂದು ತಿಳಿದು ಕೈಬಿಡುತ್ತಾನೆ. ಬಹುಮಟ್ಟಿಗೆ ತಪ್ಪು ಅವನದಾಗಿರುವುದಿಲ್ಲ.

ಅಂಚೆಚೀಟಿಯಷ್ಟು ಅಗಲದ ಸೌರಫಲಕ ಕೊಡುವ ವಿದ್ಯುತ್ತು ಮೋಟಾರನ್ನು ನೇರವಾಗಿ ತಿರುಗಿಸಲಾರದು. ಆದುದರಿಂದ ಅದನ್ನು ಕೆಪಾಸಿಟರಿನಲ್ಲಿ, ಹನಿ ಹನಿಯಾಗಿ ಕೊಡ ತುಂಬಿಸುವಂತೆ, ಕೂಡಿಡಬೇಕು. 4700 ಮೈಕ್ರೋಫ್ಯಾರಡ್ ಕೆಪಾಸಿಟರು 2.8 ವೋಲ್ಟಿಗೆ ತುಂಬಿದಾಗ ಅದರಲ್ಲಿರುವ ಶಕ್ತಿ ಕೇವಲ 0.018 ಜೌಲ್; ಒಂದು ನೆಗೆತಕ್ಕೆ ಅಷ್ಟೇ ಸಾಕು. ಕೊಡ ತುಂಬಿದುದನ್ನು ಕಂಡು ಬಾಗಿಲು ತೆರೆಯಲು ಒಬ್ಬ ಕಾವಲುಗಾರ ಬೇಕು. ಹಳೆಯ ನಕ್ಷೆಗಳಲ್ಲಿ ಆ ಕಾವಲುಗಾರ ಪ್ಯಾನಾಸೋನಿಕ್ ಸಂಸ್ಥೆಯ 1381 ಎಂಬ ಮೂರು ಕಾಲಿನ ವೋಲ್ಟೇಜ್ ಪತ್ತೆಗಾರ. ನೋಡಲು ಟ್ರಾನ್ಸಿಸ್ಟರಿನಂತೆಯೇ ಇರುವ ಇದು ಇಂದು ತಯಾರಾಗುತ್ತಿಲ್ಲ.

ಇದಕ್ಕೆ ಬದಲಿಯನ್ನು ಹುಡುಕುವಾಗ ಹೆಸರಿಗಿಂತ ಅದರ ಕಾಯಕವನ್ನು ನೋಡಬೇಕು. ಅದು ಎಷ್ಟು ವೋಲ್ಟಿಗೆ ಎಚ್ಚರಗೊಳ್ಳುತ್ತದೆ, ಕಾಯುತ್ತಿರುವಾಗ ತಾನೇ ಎಷ್ಟು ವಿದ್ಯುತ್ತನ್ನು ತಿನ್ನುತ್ತದೆ, ಎಚ್ಚರಗೊಂಡ ಮೇಲೆ ಮುಂದಿನ ಟ್ರಾನ್ಸಿಸ್ಟರಿಗೆ ಹೇಗೆ ಸನ್ನೆ ಮಾಡುತ್ತದೆ ಎಂಬುದೇ ಮುಖ್ಯ. ಮೈಕ್ರೋಚಿಪ್ ಸಂಸ್ಥೆಯ ಟಿಸಿ54 ಸಾಲಿನ ಪತ್ತೆಗಾರಗಳು ಸುಮಾರು 1 ಮೈಕ್ರೋಆಂಪಿಯರ್ ಮಾತ್ರ ಬಳಸುವುದರಿಂದ ಈ ಕೆಲಸಕ್ಕೆ ಒಪ್ಪುತ್ತವೆ. ಆದರೆ ಅವುಗಳಲ್ಲಿ ‘ವಿಸಿ’ ಎಂಬ ಗುರುತಿನದನ್ನೇ ಆರಿಸಬೇಕು. ‘ವಿಎನ್’ ಗುರುತಿನದು ಸನ್ನೆಯ ತಂತಿಯನ್ನು ಕೆಳಗೆ ಎಳೆಯಬಲ್ಲುದೇ ಹೊರತು ಮೇಲಕ್ಕೆತ್ತಲಾರದು. ಬೇರೊಂದು ರೆಸಿಸ್ಟರನ್ನು ಸೇರಿಸದಿದ್ದರೆ ಬಾಗಿಲು ತೆರೆಯದು. 2.7 ವೋಲ್ಟ್ ಎಂದು ಬರೆದಿದ್ದರೂ ಅದು ವೋಲ್ಟೇಜು ಇಳಿಯುವಾಗಿನ ಅಂಕ. ಏರುವಾಗ ಎಚ್ಚರಗೊಳ್ಳುವುದು 2.8ರ ಆಸುಪಾಸಿನಲ್ಲಿ. ಕೆಐಎ70 ಸಾಲಿನವು ಬೇರೆ ಜಾತಿಯವು. ಅವು ಕಾಯುತ್ತಿರುವಾಗಲೇ ನೂರಾರು ಮೈಕ್ರೋಆಂಪಿಯರ್ ತಿನ್ನುತ್ತವೆ. ಮೋಡ ಕವಿದ ದಿನ ಪುಟ್ಟ ಫಲಕ ಕೊಡುವುದೆಲ್ಲ ಕಾವಲುಗಾರನ ಊಟಕ್ಕೇ ಮುಗಿದು, ಕೊಡ ಎಂದಿಗೂ ತುಂಬುವುದಿಲ್ಲ!

ಫಲಕದ ವಿಷಯದಲ್ಲಿಯೂ ಇದೇ ಬಗೆಯ ಮೋಸವುಂಟು. ಕೆಟ್ಟ ತೋಟದೀಪದಿಂದ ಕಿತ್ತ ಫಲಕದಲ್ಲಿ ನಾಲ್ಕೇ ಕೋಶಗಳಿದ್ದರೆ ದೊರೆಯುವುದು ಸುಮಾರು 2 ವೋಲ್ಟ್. 2.8ಕ್ಕೆ ಕಾಯುವವನು ಕಾಯುತ್ತಲೇ ಇರುತ್ತಾನೆ. ಸರಣಿಯಲ್ಲಿ ಆರು ಅಥವಾ ಎಂಟು ಕೋಶಗಳಿರಲಿ.

ಅಮೆರಿಕದ ನಕ್ಷೆಗಳು ಹೇಳುವ 2ಎನ್3904 ಮತ್ತು 2ಎನ್3906 ಟ್ರಾನ್ಸಿಸ್ಟರುಗಳ ಬದಲಿಗೆ ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಸುಲಭವಾಗಿ ಸಿಗುವ ಬಿ.ಸಿ. 547 ಮತ್ತು ಬಿ.ಸಿ. 557 ನಡೆಯುತ್ತವೆ. ಆದರೆ ಇವುಗಳ ಕಾಲುಗಳ ಕ್ರಮ ತಿರುಗುಮುರುಗು. ಚಪ್ಪಟೆ ಮುಖವನ್ನು ನಮ್ಮ ಕಡೆಗೂ ಕಾಲುಗಳನ್ನು ಕೆಳಕ್ಕೂ ಹಿಡಿದರೆ 3904ರಲ್ಲಿ ಎಡಗಡೆಯದು ಎಮಿಟರ್, 547ರಲ್ಲಿ ಕಲೆಕ್ಟರ್. ಹಾಗೆಯೇ ಚುಚ್ಚಿದರೆ ಮಂಡಲ ಪೂರ್ತಿ ಸಾಯದೆ ಕುಂಟುತ್ತದೆ. ದೋಷವನ್ನು ಹುಡುಕುವವನಿಗೆ ಇದು ಇನ್ನೂ ಕಷ್ಟ. 547 ತಾಳುವುದು 100 ಮಿಲಿಆಂಪಿಯರ್ ಮಾತ್ರವಾದುದರಿಂದ ದೊಡ್ಡ ಮೋಟಾರಿಗೆ ಬಿ.ಸಿ. 337 ಲೇಸು.

ನಡೆಯುವ ಯಂತ್ರಗಳಲ್ಲಿ ಬರುವ 74ಎಚ್‌ಸಿ240 ಚಿಪ್ಪಿನ ಬದಲು 74ಎಚ್‌ಸಿಟಿ240 ತರಬಾರದು. ಒಂದೇ ಒಂದು ಅಕ್ಷರದ ಅಂತರ. ಮೊದಲನೆಯದು 2ರಿಂದ 6 ವೋಲ್ಟಿನವರೆಗೆ ದುಡಿಯುತ್ತದೆ, ಎರಡನೆಯದಕ್ಕೆ 4.5 ವೋಲ್ಟಾದರೂ ಬೇಕು.

ಮೋಟಾರುಗಳನ್ನು ಕೊಳ್ಳುವುದಕ್ಕಿಂತ ಹಳೆಯ ಉಪಕರಣಗಳಿಂದ ತೆಗೆಯುವುದೇ ಮೇಲು. ಹಿತೈಷಿಗಳು ಕೆಟ್ಟ ಸಿ.ಡಿ. ಪ್ಲೇಯರು, ಕ್ಯಾಲ್ಕುಲೇಟರುಗಳನ್ನು ಗುಜರಿಗೆ ಹಾಕದೆ ಶಾಲೆಗೆ ಕೊಟ್ಟರೆ ಅದೂ ದಾನವೇ. ಆದರೆ ಟೇಪ್‌ರೆಕಾರ್ಡರಿನ ಮೋಟಾರಿನೊಳಗೆ ಸಾಮಾನ್ಯವಾಗಿ ವೇಗನಿಯಂತ್ರಕ ಅಡಗಿರುತ್ತದೆ. ಅದನ್ನು ಬಿಚ್ಚಿ ತೆಗೆಯದೆ ಉಪಯೋಗವಿಲ್ಲ. ಈಚಿನ ಅನೇಕ ಮೊಬೈಲುಗಳಲ್ಲಿ ಕಂಪನಕ್ಕಿರುವುದು ತಿರುಗುವ ಮೋಟಾರೇ ಅಲ್ಲ, ಹಿಂದುಮುಂದಾಗಿ ಅದುರುವ ಸಾಧನ. ಗುಂಡಿಯಾಕಾರದ 5.5 ವೋಲ್ಟಿನ ಭಾರಿ ಕೆಪಾಸಿಟರುಗಳೂ ಆಸೆ ಹುಟ್ಟಿಸುತ್ತವೆ. ಅವುಗಳ ಒಳರೋಧ ಹತ್ತಾರು ಓಮ್ ಇರುವುದರಿಂದ ಮೋಟಾರಿಗೆ ಬೇಕಾದ ರಭಸ ಅವುಗಳಿಂದ ಬಾರದು.

ಬೆಸೆಯುವ ಮೊದಲು ಪತ್ತೆಗಾರವನ್ನು ಪರೀಕ್ಷಿಸಲು ಎರಡು ಹೊಸ ಟಾರ್ಚ್ ಸೆಲ್, ಒಂದು ಪೊಟೆನ್ಷಿಯೋಮೀಟರ್ ಮತ್ತು ಒಂದು ಮೀಟರ್ ಸಾಕು. ವೋಲ್ಟೇಜನ್ನು ಮೆಲ್ಲಗೆ ಏರಿಸುತ್ತ, ಸನ್ನೆಯ ಕಾಲು ಯಾವ ಅಂಕದಲ್ಲಿ ಮೇಲೇಳುವುದೆಂದು ವಿದ್ಯಾರ್ಥಿಯೇ ನೋಡಲಿ. ಆ ಅಂಕವನ್ನೂ ಕಾಲುಗಳ ಕ್ರಮವನ್ನೂ ಚೀಟಿಯಲ್ಲಿ ಬರೆದು ಡಬ್ಬಿಯೊಳಗಿಟ್ಟರೆ ಮುಂದಿನ ವರ್ಷದ ತರಗತಿಗೂ ಒದಗುತ್ತದೆ.