ನಿಮಗಿದು ಗೊತ್ತೇ? ಎಲೆಯ ಬೂದಿಗೆ ಬೇರಿನಲ್ಲೇ ಲಗಾಮು

● ಗೋಧಿ, ಬಾರ್ಲಿ ಎಲೆಗಳ ಮೇಲೆ ಬಿಳಿ ಪುಡಿಯಾಗಿ ಹಬ್ಬುವ ಬೂದಿ ರೋಗಕ್ಕೆ ಬ್ಲುಮೇರಿಯಾ ಎಂಬ ಶಿಲೀಂಧ್ರ ಕಾರಣ. ಜೀವಂತ ಎಲೆ ಬಿಟ್ಟರೆ ಅದಕ್ಕೆ ಬೇರೆ ಅನ್ನವಿಲ್ಲ. ಗೋಧಿಗೆ ತಗಲುವ ಬಗೆ ಬಾರ್ಲಿಯನ್ನು ಮುಟ್ಟದು, ಬಾರ್ಲಿಯದು ಗೋಧಿಯನ್ನು ಮುಟ್ಟದು.

● ತಂಪಿದ್ದರೆ ಇದಕ್ಕೆ ಹಬ್ಬ. ಬಿಸಿಲು 25 ಡಿಗ್ರಿ ದಾಟಿತೋ, ಸೊರಗುತ್ತದೆ. ಹಾಗಾಗಿ ನಮ್ಮ ದೇಶದಲ್ಲಿ ಇದರ ಕಾಟ ಹಿಮಾಚಲ, ಉತ್ತರಾಖಂಡದಂಥ ಗುಡ್ಡಗಾಡಿನ ಗೋಧಿಗೇ ಹೆಚ್ಚು.

● ಯೂರಿಯಾ ಹೆಚ್ಚಾದ ಹೊಲ ಕಡುಹಸಿರಾಗಿ ಕಣ್ಣಿಗೆ ತಂಪು ಕೊಡುತ್ತದೆ. ಬೂದಿ ರೋಗಕ್ಕೂ ಅಂಥ ಎಲೆಯೇ ಪ್ರೀತಿ. ಸಾರಜನಕದ ಮೇಲೆ ಇಷ್ಟು ಆಸೆಯಿರುವ ಶಿಲೀಂಧ್ರಕ್ಕೆ ನೈಟ್ರೇಟನ್ನು ಅರಗಿಸಿಕೊಳ್ಳುವ ಶಕ್ತಿ ಮಾತ್ರ ಇಲ್ಲ! 2010ರಲ್ಲಿ ಬಾರ್ಲಿಯ ಬೂದಿ ಶಿಲೀಂಧ್ರದ ಜೀನೋಮ್ ಓದಿದಾಗ, ಅದಕ್ಕೆ ಬೇಕಾದ ವಂಶವಾಹಿಗಳೇ ಕಾಣೆಯಾಗಿದ್ದವು. ಗಿಡ ನೈಟ್ರೇಟನ್ನು ಅಮೈನೊ ಆಮ್ಲವಾಗಿ ಮಾರ್ಪಡಿಸಬೇಕು, ಶಿಲೀಂಧ್ರ ಅಡುಗೆ ಮುಗಿದ ಮೇಲೆ ಬರುವ ನೆಂಟನ ಹಾಗೆ ನೇರ ಎಲೆಗೇ ಬಂದು ಕೂರುತ್ತದೆ.

● ಯಾವ ಲವಣ ಉಂಡ ಗಿಡಕ್ಕೆ ರೋಗ ಹೆಚ್ಚು, ಯಾವುದಕ್ಕೆ ಕಡಿಮೆ? ಇಂಗ್ಲೆಂಡಿನಲ್ಲಿ ಜಿ. ಟಿ. ಸ್ಪಿಂಕ್ಸ್ 1913ರಲ್ಲೇ ಇದನ್ನು ಪ್ರಕಟಿಸಿದ್ದರು. ಸಾರಜನಕ ಹೆಚ್ಚಿದಂತೆ ಗೋಧಿಗೆ ಬೂದಿ ರೋಗ ಹೆಚ್ಚಿತು, ಪೊಟ್ಯಾಶ್ ಅದನ್ನು ತಗ್ಗಿಸಿತು. ಎಲ್ಲಕ್ಕಿಂತ ಬೆರಗು ಹುಟ್ಟಿಸಿದ್ದು ಲಿಥಿಯಂ. ಅದರ ಲವಣ ಹೀರಿದ ಗಿಡಗಳು ರೋಗಕ್ಕೆ ಜಗ್ಗಲೇ ಇಲ್ಲವೆನ್ನಬೇಕು. ಆದರೆ ಪ್ರಮಾಣ ತುಸು ಏರಿದರೂ ಲಿಥಿಯಂ ಗಿಡಕ್ಕೇ ವಿಷ, ಆದ್ದರಿಂದ ಗೊಬ್ಬರದಂಗಡಿಗೆ ಬರಲಿಲ್ಲ. 1949ರಲ್ಲಿ ಆಸ್ಟ್ರೇಲಿಯಾದ ಜಾನ್ ಕೇಡ್ ಅದೇ ಲಿಥಿಯಂ ಲವಣವನ್ನು ಉನ್ಮಾದದ ರೋಗಿಗಳಿಗೆ ಕೊಟ್ಟು ನೋಡಿದರು. ಅಲ್ಲಿಂದ ಅದು ಮನೋರೋಗದ ಔಷಧವಾಗಿ ಬಳಕೆಗೆ ಬಂತು.

● ಬಹಳಷ್ಟು ಶಿಲೀಂಧ್ರಗಳು ಮೊಳೆಯಲು ಎಲೆ ಒದ್ದೆಯಿರಬೇಕು. ಬೂದಿ ಶಿಲೀಂಧ್ರದ ಬೀಜಕಣವಾದರೋ ತನಗೆ ಬೇಕಾದ ನೀರನ್ನು ಒಡಲಲ್ಲೇ ಹೊತ್ತು ಬರುತ್ತದೆ. ಎಲೆಯ ಮೇಲೆ ನೀರು ನಿಂತರೆ ಅದಕ್ಕೇ ನಷ್ಟ.

● ರೈತರು ಮಣ್ಣಿಗೆ ಹಾಕುವ ಮ್ಯುರಿಯೇಟ್ ಆಫ್ ಪೊಟ್ಯಾಶ್ ಅಂದರೆ ಪೊಟ್ಯಾಸಿಯಂ ಕ್ಲೋರೈಡ್. ಅದರ ದ್ರಾವಣವನ್ನು ಗೋಧಿ ಎಲೆಗೆ ಸಿಂಪಡಿಸಿದರೂ ಬೂದಿ ರೋಗ ತಗ್ಗುತ್ತದೆ. ಪೋಷಕಾಂಶದ ಪವಾಡವೇ? 2000ದಲ್ಲಿ ಪ್ರಕಟವಾದ ಇಂಗ್ಲೆಂಡಿನ ಪ್ರಯೋಗದಲ್ಲಿ, ಯಾವ ಪೋಷಣೆಯೂ ಇಲ್ಲದ ಪಾಲಿಎಥಿಲೀನ್ ಗ್ಲೈಕಾಲ್ ಕೂಡ ರೋಗ ತಗ್ಗಿಸಿತು. ಎರಡರದ್ದೂ ಒಂದೇ ಕೆಲಸ: ಬೀಜಕಣ ಹೊತ್ತು ತಂದ ನೀರನ್ನು ಹೊರಗೆಳೆಯುವುದು.

● ಬಾರ್ಲಿಯ ಮೊದಲ ಎಲೆಗೆ ಪೊಟ್ಯಾಸಿಯಂ ಫಾಸ್ಫೇಟ್ ಹಚ್ಚಿದರೆ, ಏನೂ ಹಚ್ಚದ ಎರಡನೆಯ ಎಲೆಯಲ್ಲೂ ರೋಗ ಕಡಿಮೆಯಾಗುತ್ತದೆ. ಸುದ್ದಿ ಗಿಡದೊಳಗೇ ಹರಿಯುತ್ತದೆ.

● ಬೀಜಕಣ ಎಲೆಗೆ ಬಿದ್ದು ಅರ್ಧ ದಿನ ಕಳೆಯುವ ಹೊತ್ತಿಗೆ ಹಣಾಹಣಿ ಶುರು. ಶಿಲೀಂಧ್ರ ಹೊರಗಿನಿಂದ ಮೊನೆ ಒತ್ತುತ್ತದೆ, ಎಲೆಯ ಕೋಶ ಒಳಗಿನಿಂದ ಸರಿಯಾಗಿ ಅದೇ ಜಾಗಕ್ಕೆ ಕ್ಯಾಲೋಸ್ ಎಂಬ ವಸ್ತು ತಂದು ಗುಬುಟು ಕಟ್ಟುತ್ತದೆ. ತಡೆ ಗೆದ್ದರೆ ಕಥೆ ಅಲ್ಲಿಗೇ ಮುಗಿಯಿತು. ಸೋತರೆ ಶಿಲೀಂಧ್ರ ಕೋಶದೊಳಗೆ ಬೆರಳು ಬೆರಳಾಗಿ ಚಾಚಿ ಹೀರತೊಡಗುತ್ತದೆ, ವಾರದೊಳಗೆ ಹೊಸ ಬೀಜಕಣ ಗಾಳಿಗೆ ಹಾರುತ್ತದೆ. ಸಿಲಿಕಾನ್ ಉಂಡ ಗೋಧಿಯಲ್ಲಿ ಈ ತಡೆ ಚುರುಕು. ಸಿಲಿಕಾನ್ ಬರೀ ಗಟ್ಟಿ ಹೊದಿಕೆಯಾಗಿ ಕಾಯುತ್ತದೆಂದು ಬಹುಕಾಲ ನಂಬಿದ್ದರು. ಸೂಕ್ಷ್ಮದರ್ಶಕದಲ್ಲಿ ಕಂಡದ್ದು ಬೇರೆ: ಕೋಶ ತಾನೇ ಫೀನಾಲ್ ರಾಸಾಯನಿಕಗಳನ್ನು ಸುರಿಸಿ ಶಿಲೀಂಧ್ರವನ್ನು ಕೆಡವುತ್ತಿತ್ತು. ಎಲೆಗೆ ಸಿಂಪಡಿಸಿದ್ದಕ್ಕಿಂತ ಬೇರಿಗೆ ಕೊಟ್ಟ ಸಿಲಿಕಾನ್‌ದೇ ಮೇಲುಗೈ.

● ಉತ್ತರ ಕರ್ನಾಟಕದಲ್ಲಿ ಜವೆ ಗೋಧಿ, ಕಪ್ಲಿ ಎಂದೆಲ್ಲ ಕರೆಯುವ ಹಳೆಯ ಗೋಧಿ ಗೊತ್ತಲ್ಲ? ಗೋಧಿ ತಳಿವಿಜ್ಞಾನದಲ್ಲಿ ಪಿಎಂ4ಎ ಎಂಬ ಬೂದಿ ರೋಗನಿರೋಧಕ ವಂಶವಾಹಿ ಸಿಕ್ಕಿದ್ದು ಕಪ್ಲಿಯಿಂದಲೇ. ಅದನ್ನೂ ಮೀರಿ ಸೋಂಕು ತಗುಲಿಸಬಲ್ಲ ಬೂದಿ ಶಿಲೀಂಧ್ರಗಳು ಈಗಾಗಲೇ ಹಲವು ದೇಶಗಳಲ್ಲಿವೆ.