ಭುಜದ ನೋವು ಮತ್ತು ಕೈರೋಪ್ರಾಕ್ಟಿಕ್ ಚಿಕಿತ್ಸೆ

ಅಡಿಕೆಗೆ ಬೋರ್ಡೋ ಸಿಂಪಡಿಸಿದ ವಾರದಲ್ಲಿ ಸಂಘದ ಕಛೇರಿಗೆ ಭುಜ ಹಿಡಿದುಕೊಂಡೇ ಬರುವ ಸದಸ್ಯರು ಹಲವರು. ದೋಟಿ ಹಿಡಿದು ದಿನವಿಡೀ ಕೈಯೆತ್ತಿ ದುಡಿಯುವುದು, ಕಾಫಿ ತೋಟದ ಮರಗಸಿ, ಮೂಟೆ ಹೊರುವುದು, ಇವೆಲ್ಲದರ ಭಾರ ಬೀಳುವುದು ಈ ಕೀಲಿನ ಮೇಲೆಯೇ. ಪೇಟೆಗಳಲ್ಲಿ ಪ್ರಚಾರಕ್ಕೆ ಬಂದಿರುವ ಕೈರೋಪ್ರಾಕ್ಟಿಕ್ ಚಿಕಿತ್ಸೆಯ ಬಗ್ಗೆ ಹಲವರು ವಿಚಾರಿಸುತ್ತಿರುವುದರಿಂದ ನಾವು ತಿಳಿದುಕೊಂಡದ್ದನ್ನು ಇಲ್ಲಿ ಬರೆಯುತ್ತಿದ್ದೇವೆ.

ಭುಜದ ಕೀಲು ಆಳವಿಲ್ಲದ ತಟ್ಟೆಯ ಮೇಲೆ ಕೂರಿಸಿದ ಚೆಂಡಿನಂತಿದೆ. ಕೈ ಎಲ್ಲ ದಿಕ್ಕಿಗೂ ತಿರುಗುವುದು ಇದರಿಂದಲೇ. ನಾಲ್ಕು ಸ್ನಾಯುಗಳು ಅದನ್ನು ಸುತ್ತುವರಿದು ಹಿಡಿದಿವೆ. ಕೈ ಮೇಲೆತ್ತಿದಾಗ ಮೇಲ್ಭಾಗದ ಸ್ನಾಯುರಜ್ಜು ಎರಡು ಮೂಳೆಗಳ ಇಕ್ಕಟ್ಟಿನಲ್ಲಿ ಉಜ್ಜುತ್ತದೆ. ವರ್ಷಾನುಗಟ್ಟಲೆ ಹೀಗಾದರೆ ಸವೆದು ಹರಿಯಲೂಬಹುದು.

ತಾನಾಗಿ ಎತ್ತುವಾಗ ನೋವು, ಆದರೆ ಇನ್ನೊಬ್ಬರು ಎತ್ತಿದರೆ ಕೈ ಮೇಲೇರುತ್ತದೆ ಎಂದಾದರೆ ಈ ರಜ್ಜಿನ ತೊಂದರೆ ಇರಬಹುದು. ಯಾರು ಎತ್ತಿದರೂ ಏಳದಿದ್ದರೆ ಕೀಲೇ ಬಿಗಿದಿರುವ ಸಂಭವ ಹೆಚ್ಚು. ಇದು 40ರಿಂದ 60 ವಯಸ್ಸಿನವರಲ್ಲಿ, ಅದರಲ್ಲೂ ಸಕ್ಕರೆ ಕಾಯಿಲೆಯವರಲ್ಲಿ ಸಾಮಾನ್ಯ. ಸಡಿಲಗೊಳ್ಳಲು ಒಂದರಿಂದ ಮೂರು ವರ್ಷ ಹಿಡಿಯುವುದುಂಟು. ಕುತ್ತಿಗೆಯ ನರ ಒತ್ತಿದರೂ ಭುಜ ನೋಯುತ್ತದೆ. ಎದೆ ಬಿಗಿತ, ಬೆವರು, ಏದುಸಿರು ಜೊತೆಗಿದ್ದರೆ ಅದು ಹೃದಯಾಘಾತವಿರಬಹುದು. ಎಣ್ಣೆ ತಿಕ್ಕುತ್ತ ಕೂರದೆ ತಕ್ಷಣ ಆಸ್ಪತ್ರೆ ಸೇರಬೇಕು.

ಕೈರೋಪ್ರಾಕ್ಟಿಕ್ 1895ರಲ್ಲಿ ಅಮೆರಿಕದ ಅಯೋವಾ ರಾಜ್ಯದ ಡ್ಯಾವೆನ್‌ಪೋರ್ಟ್‌ನಲ್ಲಿ ಡಿ.ಡಿ. ಪಾಮರ್ ಎಂಬವರು ಆರಂಭಿಸಿದ ಪದ್ಧತಿ. ಬೆನ್ನುಮೂಳೆ ಸರಿದಿರುವುದೇ ಬಹುತೇಕ ರೋಗಗಳಿಗೆ ಮೂಲವೆಂಬ ಅವರ ವಾದಕ್ಕೆ ವಿಜ್ಞಾನದ ಆಧಾರ ದೊರೆತಿಲ್ಲ. ಕೀಲನ್ನು ಥಟ್ಟನೆ ಒತ್ತಿದಾಗ ಬರುವ ಲಟಕ್ ಶಬ್ದದಿಂದ ಮೂಳೆ ಸ್ವಸ್ಥಾನಕ್ಕೆ ಕೂತಿತೆಂದು ಹಿಗ್ಗಬೇಕಾಗಿಲ್ಲ. ಅದು ಕೀಲಿನ ದ್ರವದಲ್ಲಿನ ಅನಿಲದ ಸದ್ದು. ಕೆಲವರಿಗೆ ಕೆಲಕಾಲ ನೋವು ತಗ್ಗುವುದು ನಿಜ. ಹರಿದ ರಜ್ಜನ್ನು ಮಾತ್ರ ಅದು ಕೂಡಿಸದು. ಕುತ್ತಿಗೆಯನ್ನು ಜೋರಾಗಿ ತಿರುಗಿಸಿದಾಗ ಅಪರೂಪಕ್ಕೆ ಮೆದುಳಿಗೆ ಹೋಗುವ ರಕ್ತನಾಳ ಸೀಳಿ ಪಾರ್ಶ್ವವಾಯು ಆದದ್ದೂ ಇದೆ. ಮೂಳೆ ಟೊಳ್ಳಾದ ವೃದ್ಧರು, ಮರದಿಂದ ಬಿದ್ದು ಪೆಟ್ಟಾದವರು ಇದರ ಗೊಡವೆಗೆ ಹೋಗಬಾರದು. ವೈದ್ಯರಿಗಿರುವಂತೆ ನಮ್ಮ ದೇಶದಲ್ಲಿ ಇವರಿಗೆ ಪ್ರತ್ಯೇಕ ಶಾಸನಬದ್ಧ ಮಂಡಳಿ ಇಲ್ಲ. ಎಲ್ಲಿ, ಎಷ್ಟು ವರ್ಷ ಕಲಿತವರೆಂದು ಕೇಳದೆ ಭುಜ ಒಡ್ಡಬೇಡಿ.

ನಮ್ಮ ಅಭಿಪ್ರಾಯದಲ್ಲಿ, ಮೊದಲು ಮೂಳೆ ತಜ್ಞರಿಗೆ ತೋರಿಸಿ ಫಿಸಿಯೋಥೆರಪಿಯವರಿಂದ ವ್ಯಾಯಾಮ ಕಲಿಯುವುದು ಲೇಸು. ಗೋಡೆಯ ಮೇಲೆ ಬೆರಳು ನಡೆಸುತ್ತ ಕೈ ಏರಿಸುವುದಕ್ಕೆ ಖರ್ಚೇನಿಲ್ಲ. ಆಳುಗಳು ಸಿಗದ ಈ ಕಾಲದಲ್ಲಿ ಸಿಂಪಡಣೆಯ ನಡುವೆ ವಿಶ್ರಾಂತಿ ಸುಲಭವಲ್ಲವೆಂದು ಬಲ್ಲೆವು. ಇಬ್ಬರಿದ್ದಲ್ಲಿ ಗಂಟೆಗೊಮ್ಮೆಯಾದರೂ ದೋಟಿಯನ್ನು ಇನ್ನೊಬ್ಬರ ಕೈಗೆ ಕೊಡಬಹುದು.