ಬೀಗವಿಲ್ಲದ ಆಸರೆ

ಮನಸ್ಸು ತೀರಾ ಕುಸಿದಿದೆ. ಮನೆಯಲ್ಲಿ ಇರೋಕಾಗ್ತಿಲ್ಲ, ಆಸ್ಪತ್ರೆ ಅಂದ್ರೆ ಭಯ. ಎಲ್ಲಿಗೆ ಹೋಗೋದು?

ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದ ನಾರ್ಥಾಂಪ್ಟನ್‌ನಲ್ಲಿ ಇದಕ್ಕಂತಲೇ ಒಂದು ಮನೆ ಇದೆ: ಅಫಿಯಾ ಹೌಸ್. ಶುರುವಾಗಿದ್ದು 2012ರಲ್ಲಿ. ನಡೆಸೋದು ವೈಲ್ಡ್‌ಫ್ಲವರ್ ಅಲಯನ್ಸ್ ಅನ್ನೋ ಸಂಸ್ಥೆ, ದುಡ್ಡು ಕೊಡೋದು ರಾಜ್ಯ ಸರ್ಕಾರ. ಬಂದವರಿಗೆ ಪೂರ್ತಿ ಉಚಿತ.

ಇಲ್ಲಿ ಡಾಕ್ಟರಿಲ್ಲ, ನರ್ಸ್ ಇಲ್ಲ. ನಡುರಾತ್ರಿ ನಿದ್ದೆ ಬಾರದೆ ಎದ್ದು ಬಂದ್ರೆ, ಜೊತೆಗೆ ಕೂರೋಕೆ ಒಬ್ಬರು ಎಚ್ಚರ ಇರ್ತಾರೆ. ಅವರೂ ಒಂದು ಕಾಲಕ್ಕೆ ಇಂಥದೇ ಸಂಕಟ ಉಂಡವರು. "ಬದುಕೋದೇ ಬೇಡ ಅನ್ನಿಸ್ತಿದೆ" ಅಂದ್ರೆ ಅವರು ಗಾಬರಿ ಬೀಳಲ್ಲ, ಬುದ್ಧಿ ಹೇಳಲ್ಲ. "ಯಾಕೆ ಹಾಗನ್ನಿಸ್ತಿದೆ, ಹೇಳಿ" ಅಂತಾರೆ. ಆಮೇಲೆ ಸುಮ್ಮನೆ ಕೇಳಿಸಿಕೊಳ್ತಾರೆ. ನನ್ನ ಪ್ರಕಾರ ಇಡೀ ಮನೆಯ ಜೀವಾಳ ಇದೇ. ತೀರ್ಪು ಕೊಡದೆ ಕೇಳೋ ಕಿವಿ ಎಷ್ಟು ಜನಕ್ಕೆ ಸಿಗುತ್ತೆ?

ಒಬ್ಬೊಬ್ಬರಿಗೂ ಒಂದು ಕೋಣೆ. ಹೆಚ್ಚಂದ್ರೆ 7 ರಾತ್ರಿ ಇರಬಹುದು. ಬೆಳಗ್ಗೆ ಕೆಲಸಕ್ಕೆ ಹೋಗಿ ಸಂಜೆ ವಾಪಸ್ ಬರಬಹುದು, ಯಾರೂ ತಡೆಯಲ್ಲ. ಮಾತ್ರೆ ತಗೊಳ್ಳೋರು ತಮ್ಮ ಮಾತ್ರೆ ತಾವೇ ಇಟ್ಕೊಂಡು ತಗೊಳ್ತಾರೆ.

ಕೊರತೆಯೂ ದೊಡ್ಡದೇ. ಇರೋದು ಮೂರೇ ಕೋಣೆ. ಜಾಗ ಇಲ್ಲದೆ ಎಷ್ಟೋ ಜನರಿಗೆ ಇಲ್ಲ ಅನ್ನಬೇಕಾಗುತ್ತೆ. ಇಂಥ ಮನೆಗಳು ಇನ್ನೂ ಬೇಕು, ತುಂಬಾ ಬೇಕು.

ಇದನ್ನ ನೋಡ್ತಿರೋ ನಿಮಗೇ ಈಗ ಕಷ್ಟ ಆಗ್ತಿದ್ರೆ, ಭಾರತದಲ್ಲಿ ಎಲ್ಲಿದ್ರೂ ಟೆಲಿ ಮಾನಸ್‌ಗೆ ಫೋನ್ ಮಾಡಿ: 14416. ಹಗಲು ರಾತ್ರಿ ಯಾವಾಗ ಬೇಕಾದ್ರೂ ಮಾಡಬಹುದು, ಉಚಿತ. ಕನ್ನಡದಲ್ಲೇ ಮಾತಾಡಬಹುದು.